ತಿರುಗುತೊಟ್ಟಿ: ತಟ್ಟೆಯಡಿಯ ಗಾಳಿ ಹೋಯಿತು, ತಳದ ನೀರು ಗೋಡೆ ಹತ್ತಿತು

ನೀಲಿ ನೀರು ಕೊನೆಗೂ ಗೋಡೆ ಹತ್ತಿತು! ಗಾಳಿಗೆ ಕಡಲತಡಿಯಲ್ಲಿ ತಳದ ನೀರು ಮೇಲೇಳುವುದನ್ನು ತೋರಿಸುವ ಪ್ರಯೋಗ: ತಳದಲ್ಲಿ ನೀಲಿ ಬಣ್ಣದ ಉಪ್ಪುನೀರು, ಅದರ ಮೇಲೆ ಸಿಹಿನೀರು, ಗೋಡೆಯೇ ಕರಾವಳಿ, ತಟ್ಟೆಯೇ ಗಾಳಿ. 40 ಸೆಂ.ಮೀ. ಅಗಲದ ದುಂಡು ತೊಟ್ಟಿ ಅಪ್ರದಕ್ಷಿಣವಾಗಿ ನಿಮಿಷಕ್ಕೆ 10 ಸುತ್ತು (ಆರ್‌ಪಿಎಂ), ನೀರಿನ ಮೇಲಿನ ಅಕ್ರಿಲಿಕ್ ತಟ್ಟೆ ಅದೇ ದಿಕ್ಕಿಗೆ 9 ಆರ್‌ಪಿಎಂ. ತಟ್ಟೆಯ ವೇಗ ಇಳಿಸಿದ ಕೆಲವು ನಿಮಿಷಗಳಲ್ಲಿ ತಳದ ಉಪ್ಪುನೀರು ಗೋಡೆಯುದ್ದಕ್ಕೂ ಒಂದೇ ಸಮ 2 ಸೆಂ.ಮೀ. ಏರಿ ನಿಂತಿತು. ಲೆಕ್ಕ ಹೇಳುವುದು 2.4. ಗೋವಾದ ವಾಸ್ಕೋದ ಷೆಡ್ಡಿನಲ್ಲಿ ಈ ಮಳೆಗಾಲವಿಡೀ ಸತಾಯಿಸಿದ ತೊಟ್ಟಿ ಇದು, ಹಾಗಾಗಿ ಖುಷಿ ಸ್ವಲ್ಪ ಜಾಸ್ತಿಯೇ.

ತಟ್ಟೆ ನಿಧಾನ ಯಾಕೆ ಎಂದು ಹೊಸಬರು ಕೇಳುತ್ತಾರೆ. ತೊಟ್ಟಿಯಲ್ಲಿ ಕೂತು ನೋಡಿದರೆ ನಿಧಾನದ ತಟ್ಟೆ ಪ್ರದಕ್ಷಿಣವಾಗಿ ಬೀಸುವ ಗಾಳಿ. ಗೋಡೆ ಅದರ ಎಡಕ್ಕೆ ಬೀಳುತ್ತದೆ. ಅಪ್ರದಕ್ಷಿಣವಾಗಿ ತಿರುಗುವ ತೊಟ್ಟಿ ಭೂಮಿಯ ಉತ್ತರ ಗೋಳದಂತೆ, ಅಲ್ಲಿ ಗಾಳಿ ತಳ್ಳಿದ ನೀರು ಒಟ್ಟಾರೆ ಬಲಕ್ಕೆ, ಅಂದರೆ ಗೋಡೆ ಬಿಟ್ಟು ನಡುವಿಗೆ ಸರಿಯುತ್ತದೆ. ಆ ಜಾಗ ತುಂಬಲು ತಳದ ನೀರು ಏಳಲೇಬೇಕು. ಮುಂಗಾರಿನಲ್ಲಿ ನಮ್ಮ ಕರಾವಳಿಗುಂಟ ದಕ್ಷಿಣಕ್ಕೆ ಬೀಸುವ ಗಾಳಿ ಮಾಡುವುದೂ ಇದನ್ನೇ. ತಟ್ಟೆಯನ್ನು 11ಕ್ಕೆ ಏರಿಸಿದರೆ ಎಲ್ಲ ಉಲ್ಟಾ: ಗೋಡೆಯಲ್ಲಿ ಇಳಿತ, ನಡುವೆ ಏರಿಕೆ.

ಟರ್ನ್‌ಟೇಬಲ್ (ತೊಟ್ಟಿ ಹೊತ್ತು ತಿರುಗುವ ಟೇಬಲ್), ಬೆಲ್ಟ್, ಮೋಟಾರ್ ಕಥೆ ಬೇಡ, ಎಲ್ಲರಿಗೂ ಗೊತ್ತಿದ್ದದ್ದೇ. ಬೇರಿಂಗ್ ಬಗ್ಗೆ ಮಾತ್ರ ಒಂದು ಮಾತು: ಆನ್‌ಲೈನಿನಲ್ಲಿ ಸಿಗುವ ತೆಳ್ಳನೆಯ ಡೈನಿಂಗ್ ಟೇಬಲ್ ಬೇರಿಂಗ್‌ಗೆ ದುಡ್ಡು ಸುರಿಯಬೇಡಿ, ಅಂಚಿನಲ್ಲಿ ಎರಡು ಮಿ.ಮೀ. ಅಲ್ಲಾಡುತ್ತದೆ. ಗುಜರಿಯಲ್ಲಿ ಸಿಗುವ ಹಳೆ ಕಾರಿನ ಹಿಂಚಕ್ರದ ಹಬ್ ಅದಕ್ಕಿಂತ ಅಗ್ಗ, ಅದಕ್ಕಿಂತ ಗಟ್ಟಿ.

ಈ ತೊಟ್ಟಿಯಲ್ಲಿ ಎಲ್ಲ ತಾಪತ್ರಯದ ಮೂಲ ಒಂದು ಮಿಲಿಮೀಟರ್. 1905ರಲ್ಲಿ ಸ್ವೀಡನ್ನಿನ ಸಾಗರವಿಜ್ಞಾನಿ ಎಕ್‌ಮನ್ ಕೊಟ್ಟ ಲೆಕ್ಕವನ್ನು 10 ಆರ್‌ಪಿಎಂಗೆ ಹಾಕಿ ನೋಡಿ, ತಟ್ಟೆಯಡಿ ನೀರನ್ನು ಪಕ್ಕಕ್ಕೆ ಒಯ್ಯುವ ಪದರದ (ಎಕ್‌ಮನ್ ಪದರ) ದಪ್ಪ ಹತ್ತಿರ ಹತ್ತಿರ 1 ಮಿ.ಮೀ. ಬರುತ್ತದೆ. ಸಮುದ್ರದಲ್ಲಿ ಹತ್ತಾರು ಮೀಟರ್ ಇರುವ ಪದರ ಇಲ್ಲಿ ಉಗುರಿನಷ್ಟು. ಅದಕ್ಕಿಂತ ದೊಡ್ಡ ಯಾವ ಕೊರತೆ ಇದ್ದರೂ ಪ್ರಯೋಗ ಕೆಟ್ಟಿತೆಂದೇ ಲೆಕ್ಕ.

ಲಕ್ಷಣ ಹೀಗಿತ್ತು: ಗೋಡೆಯ ಒಂದು ಪಕ್ಕ ನೀಲಿ ಏರುತ್ತದೆ, ಎದುರು ಪಕ್ಕ ಕದಲುವುದಿಲ್ಲ, ನಡುವೆ ಅಂಗೈಯಗಲದ ಉಂಗುರದಲ್ಲಿ ನೀಲಿ ಕೆಳಕ್ಕೆ ಕುಸಿಯುತ್ತದೆ.

ಮೊದಲ ಅನುಮಾನ ಅಕ್ಷದ ಮೇಲೆ. ಅಕ್ಷ ಅರ್ಧ ಡಿಗ್ರಿ ವಾಲಿದರೂ 20 ಸೆಂ.ಮೀ. ದೂರದ ಗೋಡೆಯಲ್ಲಿ ನೀರು ಪ್ರತಿ ಸುತ್ತಿಗೂ 1.7 ಮಿ.ಮೀ. ಏರಿಳಿಯುತ್ತದೆ. ಇಲ್ಲಿ ರಸಮಟ್ಟವನ್ನು ಟೇಬಲ್ ಮೇಲಿಟ್ಟು ಗುಳ್ಳೆ ನಡುವೆ ಬಂತು ಎಂದು ಬಿಟ್ಟರೆ ಸಾಲದು. ಮಟ್ಟವನ್ನು ಟೇಬಲ್ಲಿಗೆ ಅಂಟಿಸಿ, ಓದಿ, ಟೇಬಲ್ಲನ್ನೇ 180 ಡಿಗ್ರಿ ತಿರುಗಿಸಿ ಮತ್ತೆ ಓದಬೇಕು. ಎರಡು ಓದಿನ ವ್ಯತ್ಯಾಸದ ಅರ್ಧ ಅಕ್ಷದ ಓರೆ, ಸರಾಸರಿ ಟೇಬಲ್ ಮೈಯ ಓರೆ. ಕಾಲಿನ ಸ್ಕ್ರೂ ತಿರುಗಿಸಬೇಕಾದ್ದು ವ್ಯತ್ಯಾಸವನ್ನು ಸೊನ್ನೆ ಮಾಡಲು. 0.05 ಡಿಗ್ರಿ ತೋರಿಸುವ ಡಿಜಿಟಲ್ ಮಟ್ಟ ಸಾಕು, ಗೋಡೆಯಲ್ಲಿ ಅದು 0.2 ಮಿ.ಮೀ.ಗಿಂತ ಕಡಿಮೆ. ತೊಟ್ಟಿಗೆ ನೀರು ತುಂಬಿದ ಮೇಲೆ ಇನ್ನೊಮ್ಮೆ ನೋಡಿ, 15 ಕಿಲೋ ಭಾರಕ್ಕೆ ಮರದ ಹಲಗೆ ಬಾಗಿರುತ್ತದೆ. ವಿಡಿಯೋ ತೆಗೆಯುವ ಫೋನ್ ಟೇಬಲ್ ಮೇಲೇ ತಿರುಗುವುದಾದರೆ ಎದುರು ಬದಿಗೆ ಅಷ್ಟೇ ತೂಕ ಕಟ್ಟಿ.

ಇದಾದ ಮೇಲೆ ಅಲೆ ನಿಂತಿತು. ನಡುವಿನ ಉಂಗುರ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಉಂಗುರದ ಗುಟ್ಟು ತಟ್ಟೆಯಡಿ ಸಿಕ್ಕಿಬಿದ್ದ ಗಾಳಿ. ತಿರುಗುವ ನೀರಿನ ಮೈ ಸಪಾಟಾಗಿರುವುದಿಲ್ಲ, ಬಾಣಲೆಯ ಹಾಗೆ ನಡುವೆ ತಗ್ಗು. 10 ಆರ್‌ಪಿಎಂನಲ್ಲಿ ನಡುವಿಗೂ ಗೋಡೆಗೂ 2.2 ಮಿ.ಮೀ. ವ್ಯತ್ಯಾಸ. 36 ಸೆಂ.ಮೀ. ಸಪಾಟು ತಟ್ಟೆಯನ್ನು ನೀರಿಗೆ ತಾಗುವಷ್ಟೇ ಇಳಿಸಿದರೆ ಅಂಚು ಮಾತ್ರ ಒದ್ದೆ, ನಡುವೆ ಗಾಳಿಯ ಗುಮ್ಮಟ. ಜೊತೆಗೆ ಉಪ್ಪು ಕರಗುವಾಗ ಬಿಟ್ಟುಕೊಡುವ ಸಣ್ಣ ಗುಳ್ಳೆಗಳೂ ಹಗುರವಾದ್ದರಿಂದ ಅಲ್ಲಿಗೇ ಸೇರುತ್ತವೆ. ಗಾಳಿಯಿದ್ದ ಕಡೆ ಎಳೆತವಿಲ್ಲ. ಸುತ್ತಲಿಂದ ಒಳಕ್ಕೆ ಬಂದ ನೀರು ಗುಮ್ಮಟದ ಅಂಚಿನಲ್ಲೇ ತಡೆದು ಕೆಳಗಿಳಿಯುತ್ತದೆ. ಅದೇ ಉಂಗುರ.

ತಟ್ಟೆ ತಂದುಕೊಟ್ಟ ತಲೆನೋವು ಬೇರೆ. 5 ಮಿ.ಮೀ. ಶೀಟ್ ಕೇಳಿದರೆ ಅಂಗಡಿಯವರು ಕೊಟ್ಟದ್ದು 4ಕ್ಕೆ ಸ್ವಲ್ಪ ಹೆಚ್ಚು, ಬಿಲ್ ಮಾತ್ರ 5ರದ್ದು. ಲೇಸರ್ ಕಟಿಂಗ್ ಆಗಿ ಬಂದದ್ದು ಅಪ್ಪಳದಂತೆ ಬಾಗಿತ್ತು. ಅಂಗಡಿ ಬಿಡುವ ಮೊದಲೇ ಪಾಲಿಶ್ ಗ್ರಾನೈಟ್ ಮೇಲೆ ಮಲಗಿಸಿ ಸುತ್ತಲೂ ಫೀಲರ್ ಗೇಜ್ (ಸಂದು ಅಳೆಯುವ ತೆಳು ಬ್ಲೇಡು) ತೂರಿಸಿ ನೋಡಿ, 0.3 ಮಿ.ಮೀ. ಬ್ಲೇಡ್ ಒಳಹೋದರೆ ವಾಪಸ್ ಕೊಡಿ.

ಈಗ ಕೆಲಸ ಕೊಡುತ್ತಿರುವ ಕ್ರಮ ಇದು. ತಟ್ಟೆಯ ನಡುಭಾಗದಲ್ಲಿ 4 ಮಿ.ಮೀ.ನ ಆರು ತೂತು, ಕೆಳಬದಿಯ ಅಂಚು ಉಜ್ಜಿ ಓರೆ ಮಾಡಿ. 2 ಮಿ.ಮೀ. ತೂತಿನಲ್ಲಿ ಗುಳ್ಳೆ ಕಚ್ಚಿಕೊಂಡು ಕೂರುತ್ತದೆ. ತಳಬದಿಯನ್ನು ಪಾತ್ರೆ ಸೋಪಿನಿಂದ ತೊಳೆದು ಚೆನ್ನಾಗಿ ಜಾಲಿಸಿ, ನೀರು ಹನಿಗಟ್ಟದೆ ಹಾಳೆಯಂತೆ ಹರಡಬೇಕು. ತಟ್ಟೆಯನ್ನು ತೊಟ್ಟಿಯ ವೇಗಕ್ಕೇ ತಿರುಗಿಸುತ್ತ, ಒಂದು ಅಂಚು ಮೊದಲು ತಾಗುವಂತೆ ಓರೆಯಾಗಿ ಇಳಿಸಿ ಆಮೇಲೆ ಸಮ ಮಾಡಿ, ನಡುವಿನ ನೀರುಮಟ್ಟಕ್ಕಿಂತ 5 ಮಿ.ಮೀ. ಕೆಳಗೆ ಮುಳುಗಿಸಿ. ಅದಕ್ಕೇ ಮೇಲಿನ ಸಿಹಿನೀರಿನ ಪದರ 4 ಅಲ್ಲ, 4.5 ಸೆಂ.ಮೀ. ಬೇಕು.

ಪದರ ಕಟ್ಟುವುದು: ತಳಕ್ಕೆ 10 ಲೀಟರಿಗೆ 100 ಗ್ರಾಂ ಉಪ್ಪು. ಪ್ಯಾಕೆಟ್ಟಿನ ಪುಡಿ ಉಪ್ಪು ನೀರನ್ನು ಮಬ್ಬು ಮಾಡುತ್ತದೆ. ಸಾಣಿಕಟ್ಟೆಯ ಹರಳುಪ್ಪನ್ನು ಕರಗಿಸಿ, ಬಟ್ಟೆಯಲ್ಲಿ ಸೋಸಿ, ರಾತ್ರಿಯಿಡೀ ತಂಗಲು ಬಿಟ್ಟರೆ ಗಾಜಿನಂತೆ ತಿಳಿ, ಗುಳ್ಳೆಯೂ ಹೋಗಿರುತ್ತದೆ. ಉಪ್ಪುನೀರನ್ನು ಮೊದಲು ತಿರುಗಿಸಿ ಸ್ಥಿರ ಮಾಡಿ, 15 ನಿಮಿಷ ಸಾಕು. ನಂತರ ತಿರುಗುತ್ತಿರುವಾಗಲೇ ನಡುವಿನ ತೇಲುವ ಸ್ಪಂಜಿನ ಮೇಲೆ ಸಿಹಿನೀರು, ನಿಮಿಷಕ್ಕೆ 100 ಮಿ.ಲೀ.ನಂತೆ ಸುಮಾರು ಒಂದು ಗಂಟೆ. ಎರಡು ಪದರ ಕಟ್ಟಿ ಆಮೇಲೆ ತಿರುಗಿಸಿದರೆ ನಡುವಿನ ನೀರು ವೇಗಕ್ಕೆ ಬರಲು ತುಂಬಾ ಹೊತ್ತು ಹಿಡಿಯುತ್ತದೆ. ಗಡಿರೇಖೆಯೂ ಗೋಡೆಯ ಕಡೆ ಮೊದಲೇ ತುಸು ಎತ್ತರ ಇರುವುದರಿಂದ, ಸೊನ್ನೆ ಗುರುತನ್ನು ತಿರುಗುತ್ತಿರುವಾಗಲೇ ಹಾಕಿ.

ತಟ್ಟೆ 8 ಆರ್‌ಪಿಎಂಗೆ ಇಳಿದರೆ ನೀಲಿ ತಟ್ಟೆಯವರೆಗೂ ಬರುತ್ತದೆ, ಆದರೆ ಅಂಚು ನಿಲ್ಲದೆ ನಾಲಗೆ ನಾಲಗೆಯಾಗಿ ಒಳಕ್ಕೆ ಚಾಚಿ ಸುಳಿಗಟ್ಟುತ್ತದೆ. ನೋಡಲು ಸೊಗಸು, ಅಳೆಯಲು ಕಷ್ಟ.

ಇನ್ನು ಮುಂದಿನದು, ನಿಜಕ್ಕೂ ಮನಸ್ಸಿರುವುದು ಇದರ ಮೇಲೆ. ಗೋವಾದ ಸಮುದ್ರ ಎರಡು ಪದರದ್ದಲ್ಲ. ಮಳೆ ಮತ್ತು ಹೊಳೆಯ ನೀರು ಕೆಲವೇ ಮೀಟರ್ ದಪ್ಪದ ಸಿಹಿ ಹೊದಿಕೆಯಾಗಿ ಮೇಲೆ ಕೂತಿರುತ್ತದೆ. ನೈಟ್ರೇಟ್ ಹೊತ್ತ ತಣ್ಣನೆ ನೀರು ಕಡಲತಡಿಯವರೆಗೆ ಬಂದರೂ ಹೊದಿಕೆಯ ಕೆಳಗೇ ಉಳಿಯುತ್ತದೆ. ಮೇಲೆ ಬೆಳೆದ ಸಸ್ಯಪ್ಲವಕ (ತೇಲುವ ಸೂಕ್ಷ್ಮ ಸಸ್ಯ) ಸತ್ತು ಕೆಳಗಿಳಿದು ಕೊಳೆಯುವಾಗ ಅಲ್ಲಿನ ಆಮ್ಲಜನಕ ಖರ್ಚಾಗುತ್ತದೆ, ಹೊದಿಕೆ ಹೊಸದನ್ನು ಒಳಗೆ ಬಿಡುವುದಿಲ್ಲ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇಲ್ಲಿ ತಳದ ನೀರು ಉಸಿರುಗಟ್ಟುವುದನ್ನು ದೋನಾ ಪಾವ್ಲಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಕಾಂದೋಳಿ ಕಡಲತೀರದಾಚೆ ವರ್ಷಗಟ್ಟಲೆ ಅಳೆದಿದ್ದಾರೆ. ತೊಟ್ಟಿಯಲ್ಲಿ ಕಾಣಬೇಕಿರುವುದು ಆ ಹೊದಿಕೆ.

ತೊಡಕೆಂದರೆ ಎಕ್‌ಮನ್ ಪದರ ಹೊದಿಕೆಯನ್ನೇ ಗೋಡೆಯಿಂದ ಎಳೆದೊಯ್ಯುತ್ತದೆ. ಹೊಳೆಗಳಂತೆ ಅಂಚಿನಲ್ಲಿ ಸಿಹಿನೀರು ಸುರಿಯುತ್ತಲೇ ಇರಬೇಕು. ತಟ್ಟೆಗೂ ಗೋಡೆಗೂ ನಡುವಿನ 2 ಸೆಂ.ಮೀ. ಸಂದು ಅದಕ್ಕೆ ಹೇಳಿಮಾಡಿಸಿದ ಜಾಗ. ತಟ್ಟೆ ಶೇ. 10 ನಿಧಾನವಿದ್ದರೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ಬೇಕು, ತೊಟ್ಟಿ ತುಂಬಿ ಹರಿಯುತ್ತದೆ. ಶೇ. 2ಕ್ಕೆ ಇಳಿಸಿದರೆ 115 ಮಿ.ಲೀ.; ಟೇಬಲ್ ಮೇಲೇ ತಿರುಗುವ ಬಾಟಲಿಯಿಂದ ನಾಲ್ಕು ಸಲೈನ್ ಸೆಟ್ ಇಳಿಬಿಟ್ಟರೆ ಆಯಿತು, ನೀರುಮಟ್ಟ ಐದು ನಿಮಿಷಕ್ಕೆ 5 ಮಿ.ಮೀ. ಏರುತ್ತದೆ ಅಷ್ಟೇ. ಆದರೆ ಅಷ್ಟು ಮೆಲ್ಲನೆ ಎಳೆತಕ್ಕೆ ತಳದ ನೀರು ಏಳಬೇಕಾದರೆ ಕೆಳಗಿನ ಎರಡು ಪದರಗಳ ಅಂತರ ಲೀಟರಿಗೆ 2 ಗ್ರಾಂ ಉಪ್ಪು ಮಾತ್ರ ಇರಬೇಕು. ನೀರುಗಳ ನಡುವೆ 5 ಡಿಗ್ರಿ ಬಿಸಿ ವ್ಯತ್ಯಾಸವಿದ್ದರೆ ಅದೊಂದೇ ಹೆಚ್ಚುಕಡಿಮೆ ಅಷ್ಟು ಅಂತರ ಅಳಿಸಿಬಿಡುತ್ತದೆ. ಹಾಗಾಗಿ ತಾರಸಿ ಟ್ಯಾಂಕಿನ ನೀರು ನೇರ ಬೇಡ. ಮೂರೂ ಪದರದ ಬಕೆಟ್ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯಲಿ.

ಮಡಗಾಂವ್, ಫೋಂಡಾ ಕಡೆಯವರ ಬಳಿ 0.1 ಡಿಗ್ರಿ ನಂಬಬಹುದಾದ ಥರ್ಮಾಮೀಟರ್ ಇದ್ದರೆ ಒಂದು ವಾರಕ್ಕೆ ಬೇಕು. ಮಾರುಕಟ್ಟೆಯಿಂದ ತಂದ ಡಿಜಿಟಲ್ ಪ್ರೋಬುಗಳನ್ನು ಒಂದೇ ಲೋಟದಲ್ಲಿ ಅದ್ದಿದರೆ ಒಂದಕ್ಕೊಂದು ಒಂದು ಡಿಗ್ರಿ ಜಗಳವಾಡುತ್ತಿವೆ.