ಬೀಪ್ ಸದ್ದಿನಿಂದ ಕಟ್ಟಿದ ಆಲ್ಬಮ್

ಅಪ್ಪ ತೀವ್ರ ನಿಗಾ ಘಟಕದಲ್ಲಿದ್ದಾಗ ನನಗೆ ಯಾವ ಹಾಡನ್ನೂ ಕೇಳಲಾಗುತ್ತಿರಲಿಲ್ಲ. ಸಾಹಿತ್ಯವಿದ್ದರೆ ಅದು ಮನಸ್ಸನ್ನು ಕೆದಕುತ್ತಿತ್ತು, ತಾಳವಿದ್ದರೆ ಎಲ್ಲಿಗೋ ಅವಸರಪಡಿಸುತ್ತಿತ್ತು. ಮನೆಗೆ ಬಂದರೂ ಮಾನಿಟರ್‌ನ ಬೀಪ್ ಕಿವಿ ಬಿಟ್ಟು ಹೋಗುತ್ತಿರಲಿಲ್ಲ. ಒಂದು ರಾತ್ರಿ ಲ್ಯಾಪ್‌ಟಾಪ್ ತೆರೆದು, ಸ್ವರಗಳನ್ನು ಹುಟ್ಟಿಸಿ ತಿದ್ದುವ ಸಿಂಥಸೈಜರ್ ತಂತ್ರಾಂಶದಲ್ಲಿ ಆ ಬೀಪ್‌ನ ಸ್ವರವನ್ನೇ ಹುಡುಕಿದೆ. ಸಿಕ್ಕಿತು. ಎರಡು ಸ್ಥಾಯಿ ಕೆಳಗಿಳಿಸಿದೆ.

ಬೀಪ್ ನಮ್ಮನ್ನು ಹೆದರಿಸುವುದು ಅದು ಹುಟ್ಟುವ ರೀತಿಯಿಂದ. ತಟ್ಟನೆ ಬರುತ್ತದೆ, ತಟ್ಟನೆ ನಿಲ್ಲುತ್ತದೆ. ಹಾಗಾಗಿ ಸ್ವರ ಏರುವ ಅವಧಿಯನ್ನು, ಅಂದರೆ ಅಟ್ಯಾಕನ್ನು, ನಾಲ್ಕು ಸೆಕೆಂಡಿಗೆ ಹಿಗ್ಗಿಸಿದೆ. 600 ಹರ್ಟ್ಸ್‌ಗಿಂತ ಮೇಲಿನ ಚೂಪನ್ನು ಫಿಲ್ಟರ್‌ನಿಂದ ತಗ್ಗಿಸಿದೆ. ರಿವರ್ಬ್, ಅಂದರೆ ಮಾರ್ದನಿ, ಸೇರಿಸಿದ ಮೇಲೆ ಅದು ಬಹು ದೊಡ್ಡ ಸಭಾಂಗಣದಲ್ಲಿ ಯಾರೋ ಉಸಿರೆಳೆದಂತೆ ಕೇಳಿಸಿತು. ಅದೇ ಸ್ವರ, ಆದರೆ ನನ್ನ ಭುಜಗಳು ಸಡಿಲಗೊಂಡವು.

1975ರಲ್ಲಿ ಅಪಘಾತದ ನಂತರ ಹಾಸಿಗೆ ಹಿಡಿದಿದ್ದ ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ, ಗೆಳತಿ ತಂದುಕೊಟ್ಟ ಹಾರ್ಪ್ ಸಂಗೀತದ ಧ್ವನಿ ತೀರಾ ಕಡಿಮೆಯಿದ್ದರೂ ಎದ್ದು ಹೆಚ್ಚಿಸಲಾಗದೆ, ಮಳೆಯ ಸದ್ದಿನ ಜೊತೆಗೇ ಅದನ್ನು ಕೇಳಿದರಂತೆ. ಆ ಅನುಭವದ ಜಾಡಿನಲ್ಲೇ ಅವರು ಮುಂದೆ ಮಾಡಿದ ಆಂಬಿಯೆಂಟ್, ಅಂದರೆ ಹಿನ್ನೆಲೆಯಲ್ಲಿ ಮೆಲ್ಲಗೆ ಆವರಿಸುವ ಸಂಗೀತದ, ಆಲ್ಬಮೊಂದರಲ್ಲಿ ಬೇರೆ ಬೇರೆ ಉದ್ದದ ಟೇಪ್ ಸುರುಳಿಗಳು ತಮ್ಮ ಪಾಡಿಗೆ ಸುತ್ತುತ್ತವೆ. ಆ ಉಪಾಯವನ್ನೇ ಹಿಡಿದೆ. ಷಡ್ಜಕ್ಕೆ 17 ಸೆಕೆಂಡಿನ ಸುತ್ತು, ಪಂಚಮಕ್ಕೆ 19, ಮೇಲಿನ ರಿಷಭಕ್ಕೆ 23. ಮೂರೂ ಅವಿಭಾಜ್ಯ ಸಂಖ್ಯೆಗಳು. ಮೊದಲೆರಡು 323 ಸೆಕೆಂಡಿಗೊಮ್ಮೆ ಒಟ್ಟಿಗೆ ಆರಂಭವಾಗುತ್ತವೆ. ಮೂರೂ ಹಾಗೆ ಕೂಡಬೇಕಾದರೆ 7,429 ಸೆಕೆಂಡು, ಎರಡು ಗಂಟೆಗೂ ಮೀರಿ, ಕಾಯಬೇಕು. ಮುಂದೇನು ಬರುತ್ತದೆಂದು ಮಾಡಿದ ನನಗೇ ತಿಳಿಯದು. ಇಡೀ ದಿನ ಕೆಟ್ಟ ಸುದ್ದಿಗಾಗಿ ಕಿವಿ ನಿಮಿರಿಸಿಕೊಂಡಿದ್ದವನಿಗೆ, ಮುಂದಿನದು ಏನಾದರೂ ಸರಿಯೇ ಎನ್ನಿಸುವ ಸ್ಥಿತಿ ಎಷ್ಟು ದೊಡ್ಡದು! ಬೆಳಗಾಗುವವರೆಗೂ ಅದನ್ನು ನುಡಿಯಲು ಬಿಟ್ಟಿದ್ದೆ.

ಅಪ್ಪ ಚೇತರಿಸಿಕೊಂಡು ಮನೆಗೆ ಬಂದರು. ಆಲ್ಬಮ್‌ನ ಉಳಿದ ತುಣುಕುಗಳನ್ನು ಹಗಲಿನಲ್ಲೇ ಮಾಡಿದೆ. ಅವು ಹೆಚ್ಚು ಬೆಳಕಾಗಿವೆ, ಒಂದೆರಡರಲ್ಲಿ ಚಿಕ್ಕ ರಾಗಗಳೂ ಇವೆ. ಮೊದಲಿಗೆ ಇಟ್ಟಿರುವುದು ಮಾತ್ರ ಆ ರಾತ್ರಿಯದನ್ನೇ. ಕೇಳಿದ ಗೆಳೆಯನೊಬ್ಬ, ಮೆಲ್ಲನೆ ಒಂದು ಡ್ರಮ್ ಸೇರಿಸಿದರೆ ಹೆಚ್ಚು ಜನ ಕೇಳುತ್ತಾರೆ ಎಂದ. ಅವನ ಮಾತು ನಿಜವಿರಬಹುದು. ಆದರೆ ಡ್ರಮ್ ಬಂದ ಕೂಡಲೇ ಕಿವಿ ಎಣಿಸಲು ಶುರುಮಾಡುತ್ತದೆ, ಮುಂದಿನ ಪೆಟ್ಟಿಗಾಗಿ ಕಾಯುತ್ತದೆ. ಆ ಕಾಯುವಿಕೆಯಿಂದ ತಪ್ಪಿಸಿಕೊಳ್ಳಲೆಂದೇ ನಾನು ಇದನ್ನು ಕಟ್ಟಿದ್ದು. ಸೇರಿಸಲಿಲ್ಲ.