ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಲೇಸರ್‌ನ ಪಾತ್ರ

ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಮೂಳೆಗಳಿಗೆ ಹರಡಿದೆ ಎಂದು ತಿಳಿದೊಡನೆ, ಅದನ್ನು ಲೇಸರ್‌ನಿಂದ ಸುಟ್ಟು ತೆಗೆಯಲಾಗದೇ ಎಂದು ನಮ್ಮ ದೊಡ್ಡಪ್ಪನವರ ಬಂಧುಗಳೆಲ್ಲ ಕೇಳಿದರು. ಆಗದು. ಈ ಹಂತದಲ್ಲಿ ಲೇಸರ್ ರೋಗವನ್ನು ಗುಣಪಡಿಸುವುದಿಲ್ಲ. ಗಡ್ಡೆಯಿಂದ ಮುಚ್ಚಿಹೋದ ಮೂತ್ರದ ದಾರಿಯನ್ನು ತೆರವು ಮಾಡುತ್ತದೆ, ಅಷ್ಟೆ. ಆದರೆ ಮೂತ್ರ ಕಟ್ಟಿ ಕಿಬ್ಬೊಟ್ಟೆ ಬಿಗಿದು ರಾತ್ರಿಯಿಡೀ ನರಳಿದವರಿಗೆ, ಕ್ಯಾತಿಟರ್‌ನ (ಮೂತ್ರ ಹೊರತರುವ ಕೊಳವೆ) ಚೀಲವನ್ನು ಪಂಚೆಯ ಮರೆಯಲ್ಲಿಟ್ಟುಕೊಂಡು ಜಗಲಿಗೆ ಬರಲೂ ಹಿಂಜರಿಯುವವರಿಗೆ ಅದು ಸಣ್ಣ ಉಪಕಾರವಲ್ಲ.

ಹೊಟ್ಟೆಯನ್ನು ಕೊಯ್ಯದೆ, ಮೂತ್ರನಾಳದ ಮೂಲಕವೇ ಒಳಭಾಗವನ್ನು ನೋಡುವ ತೆಳು ನಳಿಕೆಯನ್ನೂ (ಎಂಡೋಸ್ಕೋಪ್) ತೆಳುವಾದ ಲೇಸರ್ ತಂತುವನ್ನೂ ಒಳಗೆ ಕಳುಹಿಸುತ್ತಾರೆ. ಹೋಲ್ಮಿಯಂ ಲೇಸರ್‌ನ ಶಕ್ತಿಯನ್ನು ನೀರು ಹೀರಿಕೊಳ್ಳುವುದರಿಂದ ಅದು ಅಂಗಾಂಶದೊಳಗೆ ಸುಮಾರು 0.4 ಮಿಲಿಮೀಟರ್‌ನಷ್ಟೇ ಇಳಿಯುತ್ತದೆ; ಕತ್ತರಿಸುತ್ತಲೇ ರಕ್ತನಾಳಗಳನ್ನೂ ಮುಚ್ಚುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹಿರಿಯರಿಗೆ ಇದು ಮುಖ್ಯ. 532 ನ್ಯಾನೋಮೀಟರ್‌ನ ಹಸಿರು ಲೇಸರ್ ಅಂಗಾಂಶವನ್ನು ಆವಿಯಾಗಿಸಿಬಿಡುವುದರಿಂದ ಪ್ರಯೋಗಾಲಯಕ್ಕೆ ಕಳುಹಿಸಲು ತುಣುಕು ಉಳಿಯುವುದಿಲ್ಲ.

ರೋಗದ ಮೂಲ ಚಿಕಿತ್ಸೆ ಬೇರೆಯೇ ಇದೆ. ಪುರುಷ ಹಾರ್ಮೋನನ್ನು ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಎಂದು ವೈದ್ಯ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಇಂದಿಗೂ ವೃಷಣ ತೆಗೆಯುವುದು ಅಥವಾ ಹಾರ್ಮೋನ್ ತಗ್ಗಿಸುವ ಚುಚ್ಚುಮದ್ದು, ಜೊತೆಗೆ ಅಬಿರಾಟೆರೋನ್‌ನಂಥ ಮಾತ್ರೆ ಇಲ್ಲವೇ ಡೋಸಿಟಾಕ್ಸೆಲ್ ಕೀಮೋ, ಇವೇ ಆಧಾರ. ಎಷ್ಟೋ ಜನರಲ್ಲಿ ಹಾರ್ಮೋನ್ ಚಿಕಿತ್ಸೆಯಿಂದಲೇ ಗ್ರಂಥಿ ಕುಗ್ಗಿ, ಕೆಲವು ವಾರ ಅಥವಾ ತಿಂಗಳಲ್ಲಿ ಕ್ಯಾತಿಟರ್ ತೆಗೆಯಬಹುದಾಗುತ್ತದೆ. ಆದ್ದರಿಂದ ಮೂತ್ರ ಕಟ್ಟಿದ ಮರುದಿನವೇ ಲೇಸರ್‌ಗೆ ಅವಸರಪಡುವುದು ಎಲ್ಲರಿಗೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಲೇಸರ್ ಮಾಡಿಸಿದ ಮೇಲೂ ಗಡ್ಡೆ ಮತ್ತೆ ಬೆಳೆದು ದಾರಿ ಮುಚ್ಚಬಹುದು. ಮೂತ್ರ ತಡೆಹಿಡಿಯುವ ಸ್ನಾಯುವಿಗೂ ಕ್ಯಾನ್ಸರ್ ತಗುಲಿದ್ದರೆ ಶಸ್ತ್ರಚಿಕಿತ್ಸೆಯ ನಂತರ ಮೂತ್ರ ತಾನಾಗಿ ಸೋರಬಹುದು. ಇವೆರಡನ್ನೂ ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲೇ ವೈದ್ಯರಲ್ಲಿ ಬಿಡಿಸಿ ಕೇಳಬೇಕು. ಮೂತ್ರ ಸರಾಗವಾಯಿತೆಂದು ಚುಚ್ಚುಮದ್ದನ್ನು ತಪ್ಪಿಸಲೇಬಾರದು.

ಇನ್ನೊಂದು ಎಚ್ಚರಿಕೆಯನ್ನು ಮನೆಯವರೆಲ್ಲ ತಿಳಿದಿರಲಿ ಎಂದು ಕೋರುತ್ತೇನೆ. ಮೂತ್ರ ಕಟ್ಟಿದಾಗ ಬೆನ್ನುನೋವೂ ಹೆಚ್ಚಿ, ಕಾಲುಗಳು ಬಲಗುಂದಿದರೆ ಅಥವಾ ಮರಗಟ್ಟಿದರೆ, ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಅದಕ್ಕೆ ಲೇಸರ್ ಪರಿಹಾರವಲ್ಲ, ಬೆಳಗಾಗಲಿ ಎಂದು ಕಾಯದೆ ಆ ಕ್ಷಣವೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು.