ವರಾಂಡದ ಗೋಡೆಗೆ ಮಳೆಯೇ ಬಡಿದಿರಲಿಲ್ಲ

ಮನೆಗಳ ಹೊರಗೋಡೆಗೆ ಕ್ಲ್ಯಾಡಿಂಗ್, ಅಂದರೆ ಬೋರ್ಡಿನ ಹೊದಿಕೆ, ಕೂರಿಸುವುದು ನನ್ನ ಕೆಲಸ. ಸ್ಟೋರು ಹುಬ್ಬಳ್ಳಿ ಗೋಕುಲ ರೋಡಿನಲ್ಲಿ, ಸೈಟುಗಳು ಹೆಚ್ಚಾಗಿ ಧಾರವಾಡ, ಗದಗ, ಹಾವೇರಿ ಕಡೆ. ಅರಬೈಲ್ ಘಾಟ್ ಇಳಿದು ಮಾಡಿದ ಮೊದಲ ಕೆಲಸ ಅಂಕೋಲಾ ಹತ್ತಿರದ್ದು. ಧಾರವಾಡದಲ್ಲಿ ಸಾಲಿ ಕಲಿಸಿ ರಿಟೈರ್ ಆದ ಅಕ್ಕೋರ ಮನೆ. ಸಮುದ್ರ ಅಲ್ಲಿಂದ ಮುನ್ನೂರು ಮೀಟರ್. "ವರ್ಷಾ ವರ್ಷಾ ಬಣ್ಣಾ ಹಚ್ಚಸೂದು ನನ್ನ ಕೈಲೆ ಆಗಂಗಿಲ್ಲಪಾ. ಒಮ್ಮೆ ಹಾಕಿದ್ದು ಹಾಕಿಧಂಗ ಇರಬೇಕು" ಅಂದಿದ್ದರು.

ಬೋರ್ಡ್ ಆರಿಸಲಿಕ್ಕೇ ಹದಿನೈದು ದಿನ ಹಿಡಿಯಿತು. ಧಾರವಾಡದಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆಯಾದರೆ ಆ ಕರಾವಳಿಯಲ್ಲಿ 3000 ದಾಟುತ್ತದೆ. ಮರ ಹಾಕಿದರೆ ನೀರು ಕುಡಿದು ಉಬ್ಬುತ್ತದೆ, ಗೆದ್ದಲು ಬೇರೆ. ಕಡೆಗೆ 10 ಎಂಎಂ ಫೈಬರ್ ಸಿಮೆಂಟ್ ಬೋರ್ಡ್ ಒಪ್ಪಿಸಿದೆ. ಸಿಮೆಂಟು, ಮರಳು, ಸೆಲ್ಯುಲೋಸ್ ನಾರು ಸೇರಿಸಿ ಮಾಡಿದ್ದು. ಕೊಳೆಯದು, ಹುಳ ಹತ್ತದು. ಉಪ್ಪುಗಾಳಿಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಬೇಗ ಹೋಗುತ್ತದೆಂದು ಫ್ರೇಮ್ ಅಲ್ಯೂಮಿನಿಯಂದು. ಬೋರ್ಡಿನ ಹಿಂದೆ ಗಾಳಿಯಾಡಲು ಸಂದು, ಕೆಳಗೆ ನೆಲದಿಂದ ಆರು ಇಂಚು ಎತ್ತರ, ಕೊಯ್ದ ಪ್ರತಿ ಅಂಚಿಗೂ ಎರಡು ಕೈ ಪ್ರೈಮರ್. ಇಷ್ಟನ್ನೂ ನಿಂತು ಮಾಡಿಸಿದೆ.

ಸ್ಕ್ರೂಗೆ ಕೊಟ್ಟದ್ದು ಎರಡು ನಿಮಿಷ. ಪಿಒದಲ್ಲಿ, ಅಂದರೆ ಖರೀದಿ ಆರ್ಡರಿನಲ್ಲಿ, 'ಎಸ್‌ಎಸ್ ಸ್ಕ್ರೂ' (ಸ್ಟೇನ್‌ಲೆಸ್ ಸ್ಟೀಲ್) ಅಂತ ಇತ್ತು. ಬಾಕ್ಸ್ ಬಂತು, ಕಿಸೆಯಿಂದ ಮ್ಯಾಗ್ನೆಟ್ ತೆಗೆದು ಹಿಡಿದೆ, ಹತ್ತಲಿಲ್ಲ. "ಅಪ್ಪಟ ಎಸ್‌ಎಸ್ ಐತಿ, ಹಚ್ರಿ" ಅಂದೆ.

ಅಕ್ಟೋಬರ್‌ನಲ್ಲಿ ಅಕ್ಕೋರ ಫೋನ್ ಬಂತು. ದನಿ ಏರಿರಲಿಲ್ಲ, ಅದಕ್ಕೇ ಹೆದರಿಕೆಯಾಯಿತು. ಮರುದಿನ ಹತ್ತೂವರೆಗೆ ಗೇಟಿನಲ್ಲಿದ್ದೆ. "ಮೊದಲ ಗೋಡಿ ನೋಡ್ರಿ, ಆಮ್ಯಾಲ ಚಾ ಕುಡ್ಯೂಣಂತ" ಅಂದರು. ಪಶ್ಚಿಮದ ಬಿಳಿ ಗೋಡೆಯ ತುಂಬ ಸಾಲು ಸಾಲಾಗಿ ಚಹಾ ಬಣ್ಣದ ಕಲೆ. ಒಂದೊಂದು ಸ್ಕ್ರೂ ತಲೆಯ ಕೆಳಗೂ ಬೆರಳುದ್ದದ ಗೆರೆ ಇಳಿದಿತ್ತು. ಉಗುರಿನಿಂದ ಕೆರೆದೆ, ಸ್ಕ್ರೂ ಮೇಲಿನದು ಪುಡಿಯಾಗಿ ಬಂತು. ಬೋರ್ಡಿನ ಮೇಲಿನದು ಹೋಗಲಿಲ್ಲ.

ಅವರು ಪಕ್ಕದಲ್ಲಿ ಸುಮ್ಮನೆ ನಿಂತಿದ್ದರು. ನಾನು ಯೋಚಿಸದೇ ಬಾಯಿಬಿಟ್ಟೆ: "ಈ ಸಲ ಮಳಿ ಭಾಳ ಬಡದೈತ್ರಿ ಅಕ್ಕೋರ, ಅದಕ್ಕ ಹಿಂಗಾಗೇತಿ."

ಅವರು ಏನೂ ಅನ್ನದೆ ವರಾಂಡಕ್ಕೆ ಕರೆದುಕೊಂಡು ಹೋದರು. ಐದಡಿ ಮುಂಚಾಚಿದ ಸೂರಿನ ಕೆಳಗಿನ ಗೋಡೆ. ಅಲ್ಲಿನ ಕಲೆ ಹೊರಗಿನದ್ದಕ್ಕಿಂತ ದಟ್ಟವಾಗಿತ್ತು. "ಮಳಿಗಾಲ ಪೂರಾ ಇಲ್ಲೇ ಕುಂತ ಪೇಪರ್ ಓದೇನಿ. ಒಂದ ದಿನಾನೂ ಪೇಪರ್ ತೊಯ್ದಿಲ್ಲ. ಇಲ್ಲಿ ಯಾವ ಮಳಿ ಬಡದೈತಿ, ಹೇಳ್ರಿ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಮ್ಯಾಗ್ನೆಟ್ ಕಿಸೆಯಲ್ಲೇ ಇತ್ತು. ಮತ್ತೆ ಹಿಡಿದು ನೋಡಿದೆ, ಆಗಲೂ ಹತ್ತಲಿಲ್ಲ.

ಗೊತ್ತಿರಬೇಕಾದದ್ದು ಆಮೇಲೆ ಗೊತ್ತಾಯಿತು. 304, 316 ಸ್ಟೇನ್‌ಲೆಸ್ ಸ್ಟೀಲಿನ ಎರಡು ಗ್ರೇಡ್. ಸಾಮಾನ್ಯವಾಗಿ 304ಕ್ಕೂ ಮ್ಯಾಗ್ನೆಟ್ ಹತ್ತುವುದಿಲ್ಲ, 316ಕ್ಕೂ ಹತ್ತುವುದಿಲ್ಲ. 316ರಲ್ಲಿ ಎರಡು-ಮೂರು ಪರ್ಸೆಂಟ್ ಮಾಲಿಬ್ಡಿನಮ್ ಎಂಬ ಲೋಹ ಇರುತ್ತದೆ, ಉಪ್ಪನ್ನು ತಡೆಯುವುದು ಅದೇ. ನಮಗೆ ಬಂದದ್ದು 304. ಸಮುದ್ರದ ಗಾಳಿ ತಂದ ಉಪ್ಪು ಎಲ್ಲ ಗೋಡೆಗೂ ಕೂರುತ್ತದೆ. ಬಯಲಿನ ಗೋಡೆಯನ್ನು ಮಳೆಯೇ ತೊಳೆದುಬಿಡುತ್ತದೆ. ಸೂರಿನ ಕೆಳಗಿನದನ್ನು ತೊಳೆಯುವವರಿಲ್ಲ, ಉಪ್ಪು ಅಲ್ಲೇ ನಿಂತು ತಿನ್ನುತ್ತದೆ. ನಾನು ಮಳೆಯ ಮೇಲೆ ತಪ್ಪು ಹೊರಿಸಿದ್ದೆ, ಗೋಡೆಯನ್ನು ಇಷ್ಟಾದರೂ ಕಾಯ್ದದ್ದು ಆ ಮಳೆ.

ಒಟ್ಟು 1,400 ಸ್ಕ್ರೂ ಬಿಚ್ಚಿ 316 ಹಾಕಿದೆವು. ಮತ್ತೆ ಸ್ಕ್ಯಾಫೋಲ್ಡಿಂಗ್, ಒಂಬತ್ತು ದಿನ. ಎಸಿ ಪೈಪಿಗೆಂದು ಎಲೆಕ್ಟ್ರಿಷಿಯನ್ ಆಮೇಲೆ ಕೊರೆದ ತೂತಿನ ಅಂಚು ಪ್ರೈಮರ್ ಇಲ್ಲದೆ ನೀರು ಹೀರಿ ಬಣ್ಣ ಬಿಟ್ಟಿತ್ತು, ಅದನ್ನೂ ಸರಿ ಮಾಡಿದೆವು. ನವೆಂಬರಿನಿಂದ ಮೇ ತನಕ ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ಗೋಡೆ ತೊಳೆಯಬೇಕು, ಸೂರಿನ ಕೆಳಗಂತೂ ವರ್ಷಪೂರ್ತಿ ಎಂದು ಅಕ್ಕೋರಿಗೆ ಬರೆದುಕೊಟ್ಟೆ. "ಹಾಕಿಧಂಗ ಇರ್ತದ" ಅಂತ ಮೊದಲು ಹೇಳಿದ್ದ ಬಾಯಿಂದಲೇ ಇದನ್ನೂ ಹೇಳಬೇಕಾಯಿತು. ಅವರು ಓದಿ ಮಡಚಿ ಇಟ್ಟುಕೊಂಡರು. ಅವತ್ತು ಚಹಾ ಕೊಟ್ಟರು.

ಆಫೀಸಿನ ಮೇಲೆ ಸಿಟ್ಟು ಇನ್ನೂ ಇಳಿದಿಲ್ಲ. ಬೋರ್ಡಿಗೆ ಮೂರು ಸಹಿ ಬೇಕು. ಸ್ಕ್ರೂ ಮಾತ್ರ 'ಕನ್ಸ್ಯೂಮೆಬಲ್', ಬಳಸಿ ಮುಗಿಯುವ ಸಣ್ಣ ಸಾಮಾನು, ಯಾರೂ ನೋಡುವುದಿಲ್ಲ. ಸಾಫ್ಟ್‌ವೇರಿನ ಐಟಂ ಕೋಡ್‌ನಲ್ಲಿ ಗ್ರೇಡ್ ಬರೆಯಲು ಜಾಗವಿಲ್ಲ. ಮೂರು ಸಲ ಮೇಲ್ ಹಾಕಿದೆ, ಮುಂದಿನ ಅಪ್‌ಡೇಟ್‌ನಲ್ಲಿ ನೋಡೋಣ ಅಂದರು. ಮಾಲಿಬ್ಡಿನಮ್ ಇದೆಯೋ ಇಲ್ಲವೋ ಬಣ್ಣದಲ್ಲಿ ತೋರಿಸುವ ಡ್ರಾಪ್ ಟೆಸ್ಟ್ ಕಿಟ್ ನಾನೇ ದುಡ್ಡು ಕೊಟ್ಟು ತಂದುಕೊಂಡೆ. ರಿಮಾರ್ಕ್ ಕಾಲಮ್ಮಿನಲ್ಲಿ '316 ಮಾತ್ರ' ಎಂದು ಹಾಕುತ್ತೇನೆ, ಆದರೆ ಅದು ಪಿಒದಲ್ಲಿ ಪ್ರಿಂಟ್ ಆಗುವುದಿಲ್ಲ. ಹಾಗಾಗಿ ಸಪ್ಲೈಯರ್‌ಗೆ ಫೋನ್ ಹಚ್ಚಿ, ಗ್ರೇಡ್ ಹೇಳಿ, ಅವರ ಬಾಯಿಂದ ಅದನ್ನೇ ತಿರುಗಿ ಹೇಳಿಸಿಕೊಂಡ ಮೇಲೆಯೇ ಫೋನ್ ಇಡುತ್ತೇನೆ.